ಹಿಡಿಯದೆ ಬಿಟ್ಟ ಹಲ್ಲಿಗಳು

ಮೈಸೂರು
೧೨ ಫೆಬ್ರವರಿ ೨೦೦೭

ಲಿಂಗಸಾಮಿಯಣ್ಣನವರಿಗೆ ಭೂಮಿಯ ನಮಸ್ಕಾರ.

ಇದನ್ನು ನಿಮಗೆ ಓದಿ ಹೇಳುತ್ತಿರುವ ಶಂಕರಪ್ಪನವರಿಗೂ ನಮಸ್ಕಾರ. ನೀವು ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ನನಗೆ ತಮಿಳು ಮಾತು ಬರುತ್ತದೆ, ಅಕ್ಷರ ಬಾರದು. ರಾಣೆಬೆನ್ನೂರಿನವರೊಬ್ಬರು ಸ್ಪಿನ್ನಿಂಗ್ ಮಿಲ್ಲಿನ ಆಫೀಸು ಕೆಲಸಕ್ಕೆಂದು ಕಿಣತ್ತುಕಡವಿಗೆ ಬಂದು ನಿಮ್ಮ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದದ್ದು ನಮ್ಮಿಬ್ಬರ ಅದೃಷ್ಟ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಕಾಗದವನ್ನಾದರೆ ನೀವು ಬೀದಿಯವರಿಗೆ ತೋರಿಸಬಹುದು.

ಮರ ಮುಗಿಯಿತು. ನೀವು ಮೂರು ವರ್ಷ ಗುಡ್ಡಗುಡ್ಡ ಅಲೆದು ಹಿಡಿದುಕೊಟ್ಟ ಬಂಡೆಹಲ್ಲಿಗಳ ಬಾಲದ ತುದಿಗಳೆಲ್ಲ ಸೇರಿ ಒಂದು ಮರವಾಗಿವೆ. ಎರಡು ಗುಡ್ಡಗಳ ಹಲ್ಲಿಗಳ ಡಿಎನ್‌ಎಯಲ್ಲಿ ವ್ಯತ್ಯಾಸ ಹೆಚ್ಚಿದ್ದಷ್ಟೂ ಅವು ಒಂದನ್ನೊಂದು ಬಿಟ್ಟು ಹೆಚ್ಚು ಕಾಲವಾಗಿದೆ ಎಂದು ಅರ್ಥ. ಹೀಗೆ ಇಂದು ಬದುಕಿರುವವುಗಳಿಂದ ಹೊರಟು ಹಿಂದಕ್ಕೆ ಹೋದರೆ ಯಾವ ಕವಲು ಯಾವಾಗ ಒಡೆಯಿತು ಎಂದು ಅಂದಾಜು ಮಾಡಬಹುದು. ಹೊಸ ಜಾತಿಗಳು ಯಾವ ಕಾಲದಲ್ಲಿ ಬೇಗಬೇಗ ಹುಟ್ಟಿದವು, ಯಾವಾಗ ನಿಧಾನವಾದವು ಎಂಬುದೂ ಅದರಲ್ಲೇ ಇದೆ. ನಮ್ಮ ಮರ ಹೇಳುವುದು ಇದು: ಮೊದಮೊದಲು ಕವಲುಗಳು ಭರದಿಂದ ಒಡೆದಿವೆ. ಕಳೆದ ಮೂವತ್ತು ಲಕ್ಷ ವರ್ಷಗಳಲ್ಲಿ ಹೆಚ್ಚುಕಡಿಮೆ ನಿಂತಿವೆ. ಇರುವ ಬಂಡೆಗಳೆಲ್ಲ ತುಂಬಿಹೋಗಿ ಹೊಸಬರಿಗೆ ಜಾಗ ಉಳಿಯಲಿಲ್ಲ ಎನ್ನುತ್ತಾರೆ ನನ್ನ ಗೈಡ್. ಅವರು ಯಾರನ್ನೂ ಹೊಗಳುವವರಲ್ಲ. ಚಿತ್ರ ನೋಡಿ ಎದ್ದು ನಿಂತು ಕೈಕುಲುಕಿದರು.

ಪ್ರಬಂಧವನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ್ದೇವೆ. ಅದರ ಕೊನೆಯಲ್ಲಿ ನಿಮ್ಮ ಹೆಸರಿದೆ. ಮರದ ಒಂದು ದೊಡ್ಡ ಪ್ರತಿಯನ್ನು ಇದರೊಂದಿಗೆ ಸುತ್ತಿ ಕಳಿಸಿದ್ದೇನೆ. ರಂಗನಾಯಕಿಯಕ್ಕನಿಗೆ ತೋರಿಸಿ.

ನಿಮ್ಮ
ಭೂಮಿ

*

ಕಿಣತ್ತುಕಡವು
೨೫ ಫೆಬ್ರವರಿ ೨೦೦೭

ಭೂಮಿ ಅಮ್ಮಣಿಗೆ ಲಿಂಗಸಾಮಿ ಹೇಳಿ ಬರೆಸಿದ್ದು.

ಕಾಗದವೂ ಮರವೂ ಬಂದವು. ಮರಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿಯೇ ತೂಗುಹಾಕಿದ್ದೇನೆ. ರಂಗನಾಯಕಿಗೆ ಸಾಮಿಗಳ ಪಕ್ಕದಲ್ಲಿ ಹಲ್ಲಿ ಬೇಡವಾಗಿತ್ತು. ಗೋಡೆ ಮೇಲೆ ದಿನಾ ಇರುವುದು ಯಾರು ಎಂದು ಕೇಳಿದೆ. ಅಡುಗೆಮನೆಗೆ ಹೋದಳು.

ಅವಿನಾಶಿಯಿಂದ ಅವಳ ಅಣ್ಣ ಕುಪ್ಪುಸಾಮಿ ಬಂದಿದ್ದ. ಪವರ್‌ಲೂಮ್ ಹಾಕಿದ ಮೇಲೆ ಅವನ ಮಾತಿಗೂ ಮೋಟಾರು ಬಂದಿದೆ. ಚಿತ್ರ ನೋಡಿ, "ಏನ್ ಮಾಪಿಳ್ಳೆ, ಮಗ್ಗ ಬಿಟ್ಟು ಪಲ್ಲಿ ಹಿಡಿಯೋಕೆ ಹೋದ್ರಲ್ಲ, ಪಲ್ಲಿ ಎಷ್ಟು ಮೊಳ ನೇಯ್ತು?" ಅಂದ. "ನಿನ್ನ ಪವರ್‌ಲೂಮ್ ಹೆಸರು ಯಾವ ಪುಸ್ತಕದಲ್ಲಿ ಅಚ್ಚಾಗೈತೆ, ಮಚ್ಚಾನ್?" ಅಂದೆ. ಕಾಫಿ ಕುಡಿದು ಹೊರಟುಹೋದ.

ಅಮ್ಮಣಿ, ನನ್ನ ಹೆಸರು ಅಚ್ಚಾದಾಗ ಆ ಹಾಳೆಯನ್ನೂ ಕಳಿಸಬೇಕು. ಹಲ್ಲಿ ಹಿಡಿಯಲು ಕೋಲಿನ ತುದಿಗೆ ಕಟ್ಟಿದ ಕುಣಿಕೆ ನಮ್ಮ ಮಗ್ಗದ ನೆಗಮಂ ಸೀರೆಯ ಹಾಸಿನ ನೂಲಿನದು ಎಂದು ಸೇರಿಸಲು ಜಾಗವಿದ್ದರೆ ಸೇರಿಸಿ. ಬೇರೆ ನೂಲಾದರೆ ಹಲ್ಲಿಯ ಕುತ್ತಿಗೆ ಕೊಯ್ಯುತ್ತದೆ.

ಹೇಳಿದವರು: ಲಿಂಗಸಾಮಿ
ಬರೆದವನು: ಶಂಕರಪ್ಪ

ಬರೆದವನ ಒಂದು ಮಾತು: ಚಿತ್ರ ಬಿಚ್ಚಿದ ಕೂಡಲೇ ಇವರು ಕೇಳಿದ್ದು ಚೌಡಮ್ಮನ ಪಾರೆ ಎಲ್ಲಿದೆ ಎಂದು. ಇವರ ಮನೆದೇವರ ಗುಡಿಯಿರುವ ಗುಡ್ಡವಂತೆ. ಹುಡುಕಿದೆ, ಇರಲಿಲ್ಲ. ಅಲ್ಲಿ ಹಲ್ಲಿಯೇ ಇಲ್ಲವೆಂದು ನೀವೇ ಅಮ್ಮಣಿಗೆ ಹೇಳಿದ್ದಿರಂತಲ್ಲ, ಹಾಗಾಗಿ ಮರದಲ್ಲೂ ಇಲ್ಲ ಎಂದೆ. ಇವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

*

ಮೈಸೂರು
೯ ಏಪ್ರಿಲ್ ೨೦೦೭

ಲಿಂಗಸಾಮಿಯಣ್ಣ,

ಪತ್ರಿಕೆಯಿಂದ ಪ್ರಬಂಧ ಹಿಂದಿರುಗಿದೆ. ತಿರಸ್ಕಾರವಲ್ಲ, ಪ್ರಶ್ನೆಗಳಿವೆ. ಒಂದು ಪ್ರಶ್ನೆಗೆ ಉತ್ತರ ನಿಮ್ಮಲ್ಲಿದೆ.

ನಾವು ಸುತ್ತಿದ ಗುಡ್ಡಗಳಲ್ಲಿ ಐದರಲ್ಲಿ ಮಾತ್ರ ಒಂದೂ ಬಂಡೆಹಲ್ಲಿ ಇಲ್ಲವೆಂದು ನಾನು ದಾಖಲಿಸಿದ್ದೇನೆ. ಐದೂ ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡಗಳು. ಐದರ ನೆತ್ತಿಯಲ್ಲೂ ಗುಡಿಯಿದೆ. ಚೌಡಮ್ಮನ ಪಾರೆ ಅವುಗಳಲ್ಲಿ ಒಂದು. ಪ್ರಬಂಧವನ್ನು ಪರಿಶೀಲಿಸಿದವರು ಕೇಳುತ್ತಾರೆ: ಸುತ್ತಲಿನ ಎಲ್ಲ ಕಲ್ಲುಗಳಲ್ಲೂ ಇರುವ ಹಲ್ಲಿ ಈ ಐದರಲ್ಲಿ ಮಾತ್ರ ಏಕಿಲ್ಲ?

ಇದು ಏಕೆ ಮುಖ್ಯ ಎಂದು ಹೇಳುತ್ತೇನೆ. ಇಂಥ ಒಂಟಿ ಗುಡ್ಡಗಳಲ್ಲಿಯೇ ಇತ್ತೀಚಿನ ಜಾತಿಗಳು ಬೇರೆಯಾಗಿರುವ ಸಂಭವ ಹೆಚ್ಚು. ಅವು ಮರದ ತುದಿಯ ಎಳೆಯ ಚಿಗುರುಗಳು. ಚಿಗುರುಗಳನ್ನೆಲ್ಲ ಚಿವುಟಿ ಮರವನ್ನು ತೋರಿಸಿದರೆ ನೋಡಿದವರು ಇದು ಬೆಳೆಯುವುದನ್ನು ನಿಲ್ಲಿಸಿದೆ ಎನ್ನುತ್ತಾರೆ. ನಾವು ಹೇಳಿರುವುದೂ ಅದನ್ನೇ ತಾನೆ? ಎಂದೋ ಅಳಿದುಹೋದ ಹಲ್ಲಿಗಳು ನಮ್ಮ ಮರದಲ್ಲಿಲ್ಲ. ಅವು ಎಷ್ಟಿದ್ದವೋ ಲೆಕ್ಕ ಹಾಕಿ ಊಹಿಸಬಹುದಷ್ಟೆ. ಅದು ನಮ್ಮ ತಪ್ಪಲ್ಲ. ಆದರೆ ಇಂದು ಬಿಸಿಲಿಗೆ ಮೈಕಾಯಿಸಿಕೊಳ್ಳುತ್ತಿರುವ ಹಲ್ಲಿಯನ್ನು ಬಿಟ್ಟರೆ ತಪ್ಪು ನಮ್ಮದೇ.

ಆ ಐದು ಗುಡ್ಡಗಳಿಗೆ ಹೆಂಗಸರು ಹತ್ತುವ ವಾಡಿಕೆ ಇಲ್ಲವೆಂದು ನೀವು ಹೇಳಿದ್ದಿರಿ. ನಾನು ಕೆಳಗೆ ಹುಣಿಸೆಮರದಡಿ ಕಾದೆ. ನೀವು ಇಳಿದು ಬಂದು ಇಲ್ಲವೆಂದಿರಿ, ನಾನು ಬರೆದುಕೊಂಡೆ. ಮತ್ತೊಮ್ಮೆ ನೆನಪು ಮಾಡಿಕೊಂಡು ಹೇಳುತ್ತೀರಾ?

ಭೂಮಿ

*

ಕಿಣತ್ತುಕಡವು
೨೧ ಏಪ್ರಿಲ್ ೨೦೦೭

ಭೂಮಿ ಅಮ್ಮಣಿಗೆ,

ಲಿಂಗಸಾಮಿ ಇಲ್ಲವೆಂದರೆ ಇಲ್ಲ.

ಹೇಳಿದವರು: ಲಿಂಗಸಾಮಿ
ಬರೆದವನು: ಶಂಕರಪ್ಪ

ಬರೆದವನ ಮಾತು: ಇನ್ನೇನಾದರೂ ಹೇಳಿ ಎಂದೆ. "ಅಷ್ಟೇ ಸಾರ್, ಅಂಟಿಸಿ" ಎಂದು ಹೊರಗೆ ಹೋದರು. ಇಷ್ಟು ಚಿಕ್ಕ ಕಾಗದಕ್ಕೆ ಇಷ್ಟು ದೊಡ್ಡ ಲಕೋಟೆ ನನಗೇ ಮುಜುಗರ. ಆದ್ದರಿಂದ ಮನೆಯ ಸುದ್ದಿ ಸೇರಿಸುತ್ತೇನೆ. ಎಲ್ಲರೂ ಚೆನ್ನಾಗಿದ್ದಾರೆ. ಬಿಸಿಲು ಹೆಚ್ಚು. ರಂಗನಾಯಕಿಯಮ್ಮ ನಿನ್ನೆ ಶುಕ್ರವಾರ ಎಂದಿನಂತೆ ಚೌಡಮ್ಮನ ಪಾರೆ ಹತ್ತಿ ದೀಪ ಹಚ್ಚಿ ಬಂದರು. ನನಗೂ ಪ್ರಸಾದ ಸಿಕ್ಕಿತು.

*

ಮೈಸೂರು
೭ ಮೇ ೨೦೦೭

ಲಿಂಗಸಾಮಿಯಣ್ಣ,

ರಂಗನಾಯಕಿಯಕ್ಕ ಪ್ರತಿ ಶುಕ್ರವಾರ ಆ ಗುಡ್ಡ ಹತ್ತುತ್ತಾರೆ ಎಂದು ತಿಳಿದು ಸಂತೋಷವಾಯಿತು. ಅವರ ಮಂಡಿನೋವು ವಾಸಿಯಾಗಿರಬೇಕು.

ನಾನು ಇನ್ನೇನೂ ಕೇಳುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಥೀಸಿಸ್ ಸಲ್ಲಿಸಬೇಕು. ಐದು ಗುಡ್ಡಗಳ ವಿಷಯಕ್ಕೆ ಏನಾದರೂ ಒಂದು ವಾಕ್ಯ ಬೇಕು. ಪರಿಶೀಲಿಸಿದವರೇ ಒಂದು ಕಾರಣ ಸೂಚಿಸಿದ್ದಾರೆ. ಅಲ್ಲಿಯ ಬಂಡೆಗಳು ಕಡಿದಾಗಿರಬಹುದು, "ಸಂಗ್ರಾಹಕರ ಕೌಶಲ ಸಾಲದೆ ಹೋಗಿರಬಹುದು" ಎಂದು. ನನ್ನ ಗೈಡ್ ಅದನ್ನೇ ಸೌಮ್ಯವಾಗಿ "ಮಾದರಿಗಳು ಸಿಗಲಿಲ್ಲ" ಎಂದು ಬರೆದು ಮುಗಿಸು ಎನ್ನುತ್ತಾರೆ. ಯಾರಿಗೂ ನೋವಾಗದ ವಾಕ್ಯ. ಹಾಗೆಯೇ ಬರೆಯುತ್ತೇನೆ.

ಭೂಮಿ

*

ಕಿಣತ್ತುಕಡವು
೧೨ ಮೇ ೨೦೦೭

ಭೂಮಿ ಅಮ್ಮಣಿಗೆ ಲಿಂಗಸಾಮಿ ಹೇಳಿದ್ದು. ಒಂದು ಮಾತೂ ಬಿಡದೆ ಬರೆಯಬೇಕೆಂದು ಶಂಕರಪ್ಪ ಸಾರಿಗೆ ಹೇಳಿದ್ದೇನೆ.

ನನಗೆ ಹಿಡಿಯಲು ಬರುವುದಿಲ್ಲವೇ? ನೆತ್ತಿಯ ಬಂಡೆಯಿಂದ ತಲೆಕೆಳಗಾಗಿ ಜೋತು ಹಲ್ಲಿ ಹಿಡಿದದ್ದನ್ನು ನೀವೇ ನೋಡಿದ್ದೀರಿ. ಬಾಲ ಕಳಚದಂತೆ ಹಿಡಿದಿದ್ದೇನೆ. ನೀವು ತುದಿ ಕತ್ತರಿಸಿ ಬಿಟ್ಟ ಹಲ್ಲಿಯನ್ನು ಮರುವರ್ಷ ಅದೇ ಬಿರುಕಿನಲ್ಲಿ ಮತ್ತೆ ಹಿಡಿದು ಬೆಳೆದ ಬಾಲ ತೋರಿಸಿದ್ದೇನೆ. ಕೌಶಲ ಸಾಲದಂತೆ!

(ಇಲ್ಲಿ ಇವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಆ ಪರೀಕ್ಷೆ ಮಾಡೋವ್ರಿಗೆ ಹೇಳಿ ಅಮ್ಮಣಿ, ಲಿಂಗಸಾಮಿ ಕೈಗೆ ಸಿಗ್ದೆ ಇರೋ ಪಲ್ಲಿ ಇನ್ನೂ ಮೊಟ್ಟೆ ಒಳಗೈತೆ!" — ಶಂ.)

ಚೌಡಮ್ಮನ ಪಾರೆಯಲ್ಲಿ ಹಲ್ಲಿಗಳಿವೆ. ಗುಡಿಯ ಹಿಂದಿನ ಬಂಡೆಯ ನೆರಳಿನಲ್ಲಿ ಬೇಕಾದಷ್ಟಿವೆ. ಉಳಿದ ನಾಲ್ಕು ಗುಡ್ಡಗಳಲ್ಲೂ ಇವೆ. ಕಣ್ಣಾರೆ ಕಂಡೆ. ಹಿಡಿಯಲಿಲ್ಲ.

ನಮ್ಮಲ್ಲಿ ಮಗ್ಗಕ್ಕೆ ಹೊಸ ಹಾಸು ಹೂಡುವ ಮುಂಚೆ, ಹೆಣ್ಣು ಕೊಡುವ ಮುಂಚೆ, ಆ ಗುಡಿಯ ಮುಂದೆ ದೀಪ ಹಚ್ಚಿ ಕೂರುತ್ತೇವೆ. ಹಲ್ಲಿ ಬಲಗಡೆಯಿಂದ ನುಡಿದರೆ ಅಮ್ಮ ಒಪ್ಪಿದಳು. ಎಡಗಡೆಯಿಂದ ನುಡಿದರೆ ಬೇಡ. ನುಡಿಯದಿದ್ದರೆ ಎದ್ದು ಬಂದು ಇನ್ನೊಂದು ದಿನ ಹೋಗಬೇಕು. ಅದಕ್ಕೆ ವಾಕು ಕೇಳುವುದು ಎನ್ನುತ್ತೇವೆ. ನನಗೆ ರಂಗನಾಯಕಿಯನ್ನು ಕೊಟ್ಟದ್ದು ಆ ವಾಕು. ಹಾಗೆ ನುಡಿಯುವ ಬಾಯಿಗೆ ನನ್ನ ಕೈಯಾರೆ ಕುಣಿಕೆ ಹಾಕಲೇ? ಮಿಕ್ಕ ನಾಲ್ಕು ಗುಡ್ಡಗಳಲ್ಲೂ ಬೇರೆಯವರು ಹಾಗೆಯೇ ಕೇಳುತ್ತಾರೆ. ಅವರ ಸಾಮಿಯ ಬಾಯಿ ಕಟ್ಟಲು ನಾನು ಯಾರು?

ಅದನ್ನೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದ್ದರೆ ನೀವು ಹಿಡಿಯಬೇಡಿ ಅಣ್ಣಾ ಎನ್ನುತ್ತಿದ್ದಿರಿ. ಮಾರನೆಯ ವಾರ ಪಕ್ಕದೂರಿನ ಮಣಿಕಂಠನ್‌ನನ್ನು ಹತ್ತಿಸುತ್ತಿದ್ದಿರಿ. ಅವನು ಕೂಲಿ ಕೊಟ್ಟರೆ ಗುಡಿಯ ಗಂಟೆಯನ್ನೂ ಬಿಚ್ಚಿಕೊಂಡು ಬರುವವನು. ಇಲ್ಲವೆಂದು ಹೇಳಿದರೆ ಯಾರೂ ಹತ್ತುವುದಿಲ್ಲ ಎಂದು ಹೇಳಿದೆ. ಹೆಂಗಸರು ಹತ್ತಬಾರದು ಎಂದದ್ದೂ ಅದಕ್ಕೇ. ಎರಡೂ ಪೊಯ್. ನಾನು ಹಾಗೆ ಸುಳ್ಳು ಹೇಳುವವನಲ್ಲ. ಹೇಳಿದೆ.

ನೀವು ಮಣಿಕಂಠನ್‌ನನ್ನು ಕಳಿಸುತ್ತಿರಲಿಲ್ಲ ಎಂದು ನಿಮಗೆ ಹೇಳಲಾದರೆ ಹೇಳಿ, ನಾನು ನಂಬುತ್ತೇನೆ.

ಆದರೆ ಸಿಗಲಿಲ್ಲ ಎಂದು ಬರೆಯಬೇಡಿ. ಲಿಂಗಸಾಮಿ ಹಿಡಿಯಲಿಲ್ಲ ಎಂದು ಬರೆಯಿರಿ.

ಹೇಳಿದವರು: ಲಿಂಗಸಾಮಿ
ಬರೆದವನು: ಶಂಕರಪ್ಪ

*

ಮೈಸೂರು
೨ ಜೂನ್ ೨೦೦೭

ಲಿಂಗಸಾಮಿಯಣ್ಣ,

ಉತ್ತರ ಬರೆಯಲು ತಡವಾಯಿತು. ಎರಡು ಕಾಗದ ಬರೆದು ಹರಿದೆ. ಅವುಗಳಲ್ಲಿ ಇದ್ದದ್ದನ್ನು ನೀವು ಊಹಿಸಬಲ್ಲಿರಿ.

ಆ ಮರ ನಿಮ್ಮ ಗೋಡೆಯ ಮೇಲೆ ಇರುವಂತೆ ನನ್ನ ಮೇಜಿನ ಎದುರೂ ಇದೆ. ಅದರಿಂದ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ಮೊದಲ ಕಾಗದದಲ್ಲಿ ನಾನು ಪೂರ್ತಿ ಹೇಳಿರಲಿಲ್ಲ. ತುಡಿಯಲೂರಿನ ಬಾಡಿಗೆ ಕೋಣೆಯಲ್ಲಿ ಮೂರು ಬೇಸಿಗೆ ಕಳೆದದ್ದು, ಊರಿಗೆ ಬಾ ಎಂದವರಿಗೆಲ್ಲ ಈ ವರ್ಷವಲ್ಲ ಎಂದದ್ದು, ಎಲ್ಲವೂ ಆ ಗೆರೆಗಳಲ್ಲಿತ್ತು. ಈಗ ನೋಡಿದರೆ ತುದಿ ಚಿವುಟಿದ ಮರ. ಬೆಳೆಯುವುದು ನಿಂತಿದೆ ಎಂದು ನಾನು ಊರಿಗೆಲ್ಲ ಸಾರಿದೆ. ನಿಂತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಮಣಿಕಂಠನ್‌ನನ್ನು ಕಳಿಸುತ್ತಿದ್ದೆ. ನಿಮಗೆ ಹೇಳದೆ ಕಳಿಸುತ್ತಿದ್ದೆ.

ಈಗ ಕಳಿಸುವುದಿಲ್ಲ. ಹಲ್ಲಿ ಹಿಡಿಯಿರಿ ಎಂದು ನಿಮ್ಮನ್ನೂ ಕೇಳುವುದಿಲ್ಲ. ಆದರೆ ಆ ಬಂಡೆಗಳ ಬಿರುಕಿನಲ್ಲಿ ಅಂಟಿಕೊಂಡ ಮೊಟ್ಟೆಗಳಿರುತ್ತವಲ್ಲ, ಮರಿ ಹೊರಟುಹೋದ ಮೇಲೆ ಉಳಿಯುವ ಒಡೆದ ಸಿಪ್ಪೆ, ಅದರ ಒಳಪೊರೆ ಒಣಗಿದ್ದರೂ ನನಗೆ ಸಾಕಾಗಬಹುದು. ಖಾತ್ರಿಯಿಲ್ಲ. ಅದು ಹಲ್ಲಿ ಬಿಟ್ಟುಹೋದದ್ದು. ಅದನ್ನು ತೆಗೆದುಕೊಳ್ಳುವುದು ತಪ್ಪೇ? ನನಗೆ ತಿಳಿಯದು. ನೀವು ಹೇಗೆ ಹೇಳುತ್ತೀರೋ ಹಾಗೆ.

ವಾಕ್ಯದ ವಿಷಯಕ್ಕೆ ಗೈಡ್ ಒಪ್ಪುತ್ತಿಲ್ಲ. "ಸಾಮಿ, ವಾಕು ಇವೆಲ್ಲ ಥೀಸಿಸ್‌ನಲ್ಲಿ ಬರುವ ವಿಷಯಗಳಲ್ಲ, ಸಿಗಲಿಲ್ಲ ಅಂತ ಹಾಕು" ಎಂದರು. ನಾನಿನ್ನೂ ಹಾಕಿಲ್ಲ.

ಭೂಮಿ

*

ಕಿಣತ್ತುಕಡವು
೨೮ ಜುಲೈ ೨೦೦೭

ಭೂಮಿಯವರಿಗೆ ಶಂಕರಪ್ಪನ ನಮಸ್ಕಾರಗಳು.

ಈ ಸಲ ನಾನೇ ಬರೆಯುತ್ತಿದ್ದೇನೆ. ಲಿಂಗಸಾಮಿಯವರಿಗೆ ಗೊತ್ತು. ಹೇಳಲು ಏನೂ ಇಲ್ಲದಾಗ ತಾನು ಹೇಳುವುದಿಲ್ಲ, ನಿಮಗೆ ಬೇಕಾದರೆ ಬರೆಯಿರಿ ಎಂದರು.

ನಿಮ್ಮ ಕಾಗದವನ್ನು ಓದಿದಾಗ, ಮಣಿಕಂಠನ್‌ನ ಸಾಲಿಗೆ ಬಂದು ನಾನು ತಡೆದೆ. "ನಿಲ್ಲಿಸಬೇಡಿ ಸಾರ್" ಎಂದರು. ಓದಿ ಮುಗಿದ ಮೇಲೆ, "ಆಗಲಿ. ಪೊಯ್ ಹೇಳ್ದೋನು ನಾನು, ನಿಜ ಹೇಳ್ದೋಳು ಅಮ್ಮಣಿ. ಅವಳು ನನ್ನಿಂದ ಒಂದು ಕೈ ಮೇಲು" ಎಂದರು. ಬೇಸರವೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಸಿಪ್ಪೆಗೂ ವಾಕು ಕೇಳಬೇಕಂತೆ. ಬಿದ್ದಿರುವ ಸಿಪ್ಪೆಗೆ ಯಾರ ಅಪ್ಪಣೆ ಎಂದೆ. "ಕೇಳ್ದೆ ತಗೊಂಡ್ರೆ ಕಳವು. ಕೇಳಿ ತಗೊಂಡ್ರೆ ಕೊಟ್ಟಿದ್ದು. ಸಿಪ್ಪೆ ಅದೇನೇ ಸಾರ್, ಕೈ ಬೇರೆ" ಎಂದರು. ಅಂದಿನಿಂದ ಪ್ರತಿ ಶುಕ್ರವಾರ ಗಂಡಹೆಂಡತಿ ಹೋಗುತ್ತಿದ್ದಾರೆ. ಹೆಚ್ಚಿನ ಸಲ ಹಲ್ಲಿ ನುಡಿಯಲೇ ಇಲ್ಲ. ಒಂದು ಸಲ ಎಡಗಡೆಯಿಂದ ನುಡಿಯಿತಂತೆ. ಅಂದು ಇವರು ಊಟ ಮಾಡಲಿಲ್ಲ. ರಂಗನಾಯಕಿಯಮ್ಮ ತಟ್ಟೆಯ ಮುಂದೆ ಕುಳಿತು, "ಮೂರು ವರ್ಷ ಅವಳ ಮಕ್ಕಳನ್ನ ಇಲ್ಲ ಇಲ್ಲ ಅಂದೀರಲ್ಲ, ಈಗ ಕೇಳಿದ ಕೂಡಲೇ ಹೂಂ ಅಂತಾಳಾ? ನಾನಾಗಿದ್ರೆ ಒಂದು ವರ್ಷ ಕಾಯ್ಸ್ತಿದ್ದೆ" ಎಂದರು.

ಈಗ ಮಳೆ ಹಿಡಿದಿದೆ. ಬಿರುಕುಗಳಲ್ಲಿ ನೀರು ಇಳಿದರೆ ಸಿಪ್ಪೆ ಕೊಚ್ಚಿಹೋಗುತ್ತದೆ ಎಂದು ಇವರಿಗೂ ಗೊತ್ತು. ಸೆಪ್ಟೆಂಬರ್ ಎಂದು ದಿನವೂ ಒಮ್ಮೆ ನನ್ನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆದರೂ ಕೇಳದೆ ಮುಟ್ಟುವುದಿಲ್ಲ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಶುಕ್ರವಾರ ಸಂಜೆ ಅವರು ಗುಡ್ಡದಿಂದ ಇಳಿದು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ.

ವಿಶ್ವಾಸಿ
ಶಂಕರಪ್ಪ

*

ಮೈಸೂರು
೧೧ ಆಗಸ್ಟ್ ೨೦೦೭

ಲಿಂಗಸಾಮಿಯಣ್ಣ,

ಇನ್ನು ಅಮ್ಮನನ್ನು ಅವಸರಪಡಿಸಬೇಡಿ. ಸಿಪ್ಪೆ ಬಂದರೂ ಬಾರದಿದ್ದರೂ ನನ್ನ ಥೀಸಿಸ್ ಹೋಗುತ್ತದೆ. ಹಲ್ಲಿಗಳು ಕವಲೊಡೆಯುವುದು ನಿಂತಿದೆ ಎಂಬ ಅಧ್ಯಾಯವನ್ನು ತೆಗೆದುಹಾಕಿದ್ದೇನೆ. ಅದರ ಜಾಗದಲ್ಲಿ ತೆಳ್ಳಗಿನ ಅಧ್ಯಾಯವೊಂದಿದೆ. ಮರ ಎಲ್ಲಿಯವರೆಗೆ ಗೊತ್ತಿದೆ, ಎಲ್ಲಿಂದ ಮುಂದೆ ಗೊತ್ತಿಲ್ಲ ಎಂಬುದಷ್ಟೇ ಅದರಲ್ಲಿದೆ.

ವಾಕ್ಯ ಬರೆದಿದ್ದೇನೆ. ಗೈಡ್ ಮೂರು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ನಾಲ್ಕನೆಯ ಸಲ, "ಸರ್, ಸಿಗಲಿಲ್ಲ ಅನ್ನೋದು ಸುಳ್ಳು. ಸುಳ್ಳನ್ನ ಥೀಸಿಸ್‌ನಲ್ಲಿ ಹಾಕಬಹುದಾ?" ಎಂದು ಕೇಳಿದೆ. ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ಹೊಡೆದುಹಾಕಲಿಲ್ಲ. ಇಂಗ್ಲಿಷಿನಲ್ಲಿರುವ ಅದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ:

"ಗುಡಿಗಳಿರುವ ಐದು ಗುಡ್ಡಗಳಲ್ಲಿ ಬಂಡೆಹಲ್ಲಿಗಳಿವೆ. ಸ್ಥಳೀಯರು ಅವುಗಳ ನುಡಿಯನ್ನು ದೇವರ ಒಪ್ಪಿಗೆಯೆಂದು ಭಾವಿಸುತ್ತಾರೆ. ಅವುಗಳನ್ನು ಹಿಡಿಯಲು ಸಂಗ್ರಾಹಕ ಎಸ್. ಲಿಂಗಸಾಮಿ ನಿರಾಕರಿಸಿದರು. ಆದ್ದರಿಂದ ಈ ಮರದ ಇತ್ತೀಚಿನ ಕವಲುಗಳು ಅಪೂರ್ಣವಾಗಿವೆ. ಕವಲೊಡೆಯುವ ವೇಗದ ಬಗ್ಗೆ ಇದರಿಂದ ತೀರ್ಮಾನಕ್ಕೆ ಬರಲಾಗದು."

ಇದರಲ್ಲಿ ಒಂದು ಪದವಾದರೂ ಬೇಡವೆನಿಸಿದರೆ ಹೇಳಿ.

ಭೂಮಿ

*

ಕಿಣತ್ತುಕಡವು
೨೭ ಆಗಸ್ಟ್ ೨೦೦೭

ಭೂಮಿ ಅಮ್ಮಣಿಗೆ ಲಿಂಗಸಾಮಿ ಹೇಳಿ ಬರೆಸಿದ್ದು.

ವಾಕ್ಯವನ್ನು ಶಂಕರಪ್ಪ ಸಾರ್ ಮತ್ತೆ ಮತ್ತೆ ಓದಿದರು. ನಾನೇ ಓದಿಸಿದೆ. ಒಂದು ಪದವೂ ಬೇಡವಾಗಿಲ್ಲ. ನಿರಾಕರಿಸಿದರು ಎಂದರೆ ಏನೆಂದು ಕೇಳಿದೆ. ಆಗುವುದಿಲ್ಲ ಎಂದು ಮುಖಕ್ಕೆ ಹೇಳುವುದು ಎಂದರು ಸಾರ್. ನಾನು ಮುಖಕ್ಕೆ ಹೇಳಿರಲಿಲ್ಲ ಅಮ್ಮಣಿ. ನೀವು ನನ್ನನ್ನು ಇದ್ದದ್ದಕ್ಕಿಂತ ಸ್ವಲ್ಪ ದೊಡ್ಡವನನ್ನಾಗಿ ಬರೆದಿದ್ದೀರಿ. ಇರಲಿ. ಇನ್ನು ಮುಂದೆ ಅಷ್ಟು ದೊಡ್ಡವನಾಗಿ ಇರುತ್ತೇನೆ.

ಮೊನ್ನೆ ಶುಕ್ರವಾರ ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹತ್ತಿದೆ. ಸಾರ್ ಕೂಡ ಬಂದರು. ದೀಪ ಹಚ್ಚಿ ಕೂತೆವು. ಹಲ್ಲಿ ನುಡಿಯಿತು. ಬಲಗಡೆಯಿಂದ.

(ನುಡಿದದ್ದು ನಿಜ, ನಾನೂ ಕೇಳಿದೆ. ಬಲವೋ ಎಡವೋ ನನಗೆ ತಿಳಿಯಲಿಲ್ಲ. ಬಂಡೆಗಳ ನಡುವೆ ಸದ್ದು ಎಲ್ಲ ಕಡೆಯಿಂದಲೂ ಬರುತ್ತದೆ. ಇವರೂ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ರಂಗನಾಯಕಿಯಮ್ಮ, "ಬಲ. ಏಳಿ, ಮಳೆ ಬರ್ತೈತೆ" ಎಂದರು. ಆ ಮಾತಿಗೆ ಮೇಲ್ಮನವಿ ಇರಲಿಲ್ಲ. — ಶಂ.)

ಸಿಪ್ಪೆಗಳನ್ನು ನೀವು ಕೊಟ್ಟ ಸೀಸೆಗಳಲ್ಲಿಯೇ ಹಾಕಿ ಕಳಿಸುತ್ತಿದ್ದೇನೆ. ಈ ನಡುವೆ ಮಿಕ್ಕ ನಾಲ್ಕು ಗುಡ್ಡಗಳಿಗೂ ಹೋಗಿ ಆಯಾ ಗುಡಿಯವರನ್ನು ಕೇಳಿದೆ. ಇಬ್ಬರು ಅವರ ಸಾಮಿಯನ್ನು ಕೇಳಿ ಕೊಟ್ಟರು. ಇಬ್ಬರು ಕೊಡಲಿಲ್ಲ. ಕೊಡದವರ ಮೇಲೆ ನನಗೆ ಸಿಟ್ಟಿಲ್ಲ. ಹೇಗೆ ಬರುತ್ತದೆ, ಹೇಳಿ?

ಕೊಟ್ಟವರಲ್ಲಿ ಒಬ್ಬರು ಮಣಿಕಂಠನ್‌ನ ಊರಿನ ಕರುಪ್ಪನ ಗುಡಿಯವರು. ಅವನು ತಾನೇ ಹತ್ತಿ ತರುತ್ತೇನೆಂದು ಬಂದ. "ನೀನು ಕೆಳಗೆ ಹುಣಿಸೆಮರದಡಿ ಕಾಯ್ತಿರು ತಂಬಿ" ಎಂದೆ.

ಹೇಳಿದವರು: ಲಿಂಗಸಾಮಿ
ಬರೆದವನು: ಶಂಕರಪ್ಪ

*

ಮೈಸೂರು
೧೬ ಜೂನ್ ೨೦೦೮

ಲಿಂಗಸಾಮಿಯಣ್ಣ, ರಂಗನಾಯಕಿಯಕ್ಕ, ಶಂಕರಪ್ಪನವರೇ,

ಫೋನಿನಲ್ಲಿ ಅರ್ಧ ಹೇಳಿದ್ದೆ. ಬೀದಿಯವರಿಗೆ ತೋರಿಸಲು ಪೂರ್ತಿ ಇಲ್ಲಿದೆ.

ನಿಮ್ಮ ಸಿಪ್ಪೆಗಳಿಗಾಗಿ ಗೈಡ್ ಥೀಸಿಸ್ ಸಲ್ಲಿಕೆಯನ್ನು ಡಿಸೆಂಬರ್‌ವರೆಗೆ ಮುಂದೂಡಿಸಿದರು. ಅವರೇ ಹೋಗಿ ಮಾತಾಡಿದರು, ನಾನು ಕೇಳಿರಲಿಲ್ಲ. ಮೂರು ಗುಡ್ಡಗಳ ಸಿಪ್ಪೆಗಳಲ್ಲಿ ಒಂದರಿಂದ ಏನೂ ಸಿಗಲಿಲ್ಲ (ಇಲ್ಲಿ ಸಿಗಲಿಲ್ಲ ಎಂಬುದು ನಿಜ). ಎರಡರಿಂದ ಸಿಕ್ಕಿತು. ಚೌಡಮ್ಮನ ಪಾರೆಯ ಹಲ್ಲಿ ಮತ್ತು ಕರುಪ್ಪನ ಗುಡ್ಡದ ಹಲ್ಲಿ ನಾವು ಈವರೆಗೆ ಕಂಡ ಯಾವುದರಂತೆಯೂ ಇಲ್ಲ. ಅವೆರಡೂ ಒಂದೇ ಕವಲಿನಿಂದ ಒಡೆದು ಬೇರೆಯಾದವು. ಹೆಚ್ಚೆಂದರೆ ಎಂಟು ಲಕ್ಷ ವರ್ಷಗಳ ಹಿಂದೆ. ನಮ್ಮ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ.

ಎರಡೇ ಎರಡು ಚಿಗುರು ಸೇರಿಸಿದ್ದಕ್ಕೆ ಕವಲೊಡೆಯುವ ವೇಗ ತೋರಿಸುವ ನಮ್ಮ ಗೆರೆ ಕೊನೆಯಲ್ಲಿ ಮೇಲಕ್ಕೆ ಬಾಗಿತು. ನಿಂತಿದೆ ಎನ್ನಲು ಈಗ ಆಧಾರವಿಲ್ಲ. ವೇಗ ಎಷ್ಟು ಎಂದು ಕೇಳಿದರೆ ಗೊತ್ತಿಲ್ಲ, ಇನ್ನೂ ಗುಡ್ಡಗಳಿವೆ ಎನ್ನುತ್ತೇನೆ. ಮೊದಲಿನ ಮರ ಅಂದವಾಗಿತ್ತು. ಇದು ಇನ್ನೂ ಬೆಳೆಯುತ್ತಿರುವಂತಿದೆ. ನನಗೆ ಇದೇ ಹೆಚ್ಚು ಇಷ್ಟ.

ಕಳೆದ ವಾರ ಮೌಖಿಕ ಪರೀಕ್ಷೆಯಾಯಿತು. ಹೊರಗಿನಿಂದ ಬಂದ ಪರೀಕ್ಷಕರು ತುಂಬಿದ ಸಭಾಂಗಣದಲ್ಲಿ ನಿಮ್ಮ ವಾಕ್ಯವನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿ, "ಈ ಲಿಂಗಸಾಮಿ ಈಗಲೂ ನಿರಾಕರಿಸುತ್ತಾರಾ?" ಎಂದರು. ಈಗಲೂ ನಿರಾಕರಿಸುತ್ತಾರೆ ಎಂದೆ. ನಕ್ಕರು. ಕೌಶಲ ಸಾಲದು ಎಂದು ಅಂದು ಪತ್ರಿಕೆಗೆ ಬರೆದವರು ತಾವೇ ಎಂದು ಊಟದ ಹೊತ್ತಿನಲ್ಲಿ ಒಪ್ಪಿಕೊಂಡರು. ಮೂವತ್ತು ವರ್ಷಗಳಿಂದ ಹಲ್ಲಿ ಹಿಡಿಯುತ್ತಿರುವವರಂತೆ. ನಿಮ್ಮನ್ನು ನೋಡಬೇಕಂತೆ. ಮುಂದಿನ ತಿಂಗಳು ಕರೆದುಕೊಂಡು ಬರಲೇ?

ಹೊಸ ಮರದ ಪ್ರತಿ ಇದರೊಂದಿಗಿದೆ. ಚೌಡಮ್ಮನ ಪಾರೆಯ ಹತ್ತಿರ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ವಾಕ್ಯವಿರುವ ಹಾಳೆಯೂ ಇದೆ. ನೂಲಿನ ವಿಷಯ ಅದರ ಕೆಳಗಿನ ಸಾಲಿನಲ್ಲಿದೆ.

ನಿಮ್ಮ
ಡಾ. ಭೂಮಿ
(ಈ ಒಂದು ಸಲ ಹಾಗೆ ಸಹಿ ಮಾಡಲು ಬಿಡಿ)

*

ಕಿಣತ್ತುಕಡವು
೨೯ ಜೂನ್ ೨೦೦೮

ಡಾಕ್ಟರ್ ಅಮ್ಮಣಿಗೆ ಲಿಂಗಸಾಮಿ ಹೇಳಿ ಬರೆಸಿದ್ದು.

ಹೊಸ ಮರ ಕಟ್ಟು ಹಾಕಿಸಿಕೊಂಡು ಬಂತು. ಹಳೆಯದನ್ನು ಇಳಿಸಿಲ್ಲ, ಪಕ್ಕದಲ್ಲಿಯೇ ಇದೆ. ಈ ಸಲ ಸಾಮಿ ಪಟಗಳನ್ನು ಸರಿಸಿ ಜಾಗ ಮಾಡಿಕೊಟ್ಟವಳು ರಂಗನಾಯಕಿ. ನಮ್ಮ ಕೊಂಬೆ ಇಷ್ಟು ಗಿಡ್ಡವಾ ಎಂದು ಕೇಳಿದಳು. ಎಳೆಯದು, ಅದಕ್ಕೇ ಗಿಡ್ಡ ಎಂದೆ. ಹಾಗಾದರೆ ಸರಿ ಎಂದಳು.

ಕುಪ್ಪುಸಾಮಿ ಅವಿನಾಶಿಯಿಂದ ಬಂದಿದ್ದ. ಅಚ್ಚಾದ ನನ್ನ ಹೆಸರನ್ನು ಬೆರಳಿಟ್ಟು ನೋಡಿ, "ಇದರಲ್ಲಿ ಮಾಪಿಳ್ಳೆ ಏನೋ ಮಾಡ್ಲಿಲ್ಲ ಅಂತ ಐತಲ್ಲ?" ಅಂದ. "ಆಮ ಮಚ್ಚಾನ್, ಹೌದು, ಮಾಡ್ದೆ ಇದ್ದಿದ್ದಕ್ಕೆ ಹೆಸರು ಬಂತು. ನೀನು ಮಾಡಿ ಮಾಡಿ ಸುಸ್ತಾದೆ" ಅಂದೆ. ಈ ಸಲ ಊಟ ಮಾಡಿ ಹೋದ.

ಒಂದು ವಿಷಯ ಬಗೆಹರಿಯಬೇಕು. ನಮ್ಮ ಹಲ್ಲಿಯೂ ಕರುಪ್ಪನ ಗುಡ್ಡದ ಹಲ್ಲಿಯೂ ಅಕ್ಕತಂಗಿಯರಾದರೆ ಅಕ್ಕ ಯಾರು? ಮಣಿಕಂಠನ್ ತಮ್ಮದು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

(ಇಬ್ಬರೂ ಒಂದೇ ಹೊತ್ತಿಗೆ ಬೇರೆಯಾದವರು, ಅಕ್ಕನೂ ಇಲ್ಲ ತಂಗಿಯೂ ಇಲ್ಲ ಎಂದು ನಿಮ್ಮ ಕಾಗದದಿಂದ ನನಗೆ ಅರ್ಥವಾಗಿದೆ. ಹೇಳಿ ನೋಡಿದೆ. "ಒಂದೇ ಹೊತ್ತಿಗಾದ್ರೂ ಬಾಗಿಲು ಒಂದೇ ಅಲ್ವಾ ಸಾರ್, ಯಾರೋ ಒಬ್ರು ಮುಂದೆ ಬಂದಿರ್ಬೇಕು" ಎಂದರು. ನೀವೇ ಬಂದು ಹೇಳಿ. — ಶಂ.)

ಪರೀಕ್ಷೆ ಮಾಡಿದವರನ್ನು ಕರೆದುಕೊಂಡು ಬನ್ನಿ. ಅವರಿಗೆ ಊಟ ನಮ್ಮ ಮನೆಯಲ್ಲಿ. ಚೌಡಮ್ಮನ ಪಾರೆಗೂ ಹತ್ತಲಿ, ನೋಡಲಿ. ನೀವೂ ಹತ್ತಿ, ಈ ಸಲ ಹುಣಿಸೆಮರ ಬೇಡ. ಆಮೇಲೆ ಪೊಳ್ಳಾಚಿ ದಾರಿಯ ಪಕ್ಕದಲ್ಲಿ ಬೋಳು ಗುಡ್ಡವೊಂದಿದೆ, ನಾವು ಹೋಗದೆ ಬಿಟ್ಟದ್ದು, ಅಲ್ಲಿಗೆ ಹೋಗೋಣ. ಅದರ ಬಂಡೆಯಲ್ಲಿ ನಾನು ಹಲ್ಲಿ ಕಂಡೆ. ಅಲ್ಲಿ ಸಾಮಿ ಇಲ್ಲ, ನಾಲ್ಕು ಊರಿನವರನ್ನು ವಿಚಾರಿಸಿದ್ದೇನೆ.

ಹೊಸ ಕುಣಿಕೆ ಕಟ್ಟಿಟ್ಟಿದ್ದೇನೆ. ಮೊದಲು ಕೋಲನ್ನು ಅವರ ಕೈಗೇ ಕೊಡುತ್ತೇನೆ. ಯಾವ ಕಡೆಯಿಂದ ನೆರಳು ಬೀಳಬಾರದು, ನೂಲನ್ನು ಯಾವಾಗ ಎಳೆಯಬೇಕು ಎಂದು ನಾನು ಹೇಳುವುದಿಲ್ಲ, ನೀವೂ ಹೇಳಬಾರದು. ಮೂವತ್ತು ವರ್ಷ ಹಿಡಿದವರಲ್ಲವೇ.

ಅವರಿಗೆ ಬಾರದಿದ್ದರೆ, ಸಿಗಲಿಲ್ಲ ಎಂದು ಬರೆದುಕೊಳ್ಳಿ.

ಹೇಳಿದವರು: ಎಸ್. ಲಿಂಗಸಾಮಿ, ಸಂಗ್ರಾಹಕ
ಬರೆದವನು: ಶಂಕರಪ್ಪ